ಬ್ರೇಕ್ ಮುಟ್ಟದ ಕಾಲು

ಅಪ್ಪನಿಗೆ,

ನಿಮ್ಮ ಎಲೆಕ್ಟ್ರಿಕ್ ಕಾರನ್ನು ತಾನಾಗಿ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್‌ನಲ್ಲಿ ಏನೂ ದೋಷವಿಲ್ಲ. ವೈರು, ಸ್ವಿಚ್ಚು, ಸೆನ್ಸರ್ ಎಲ್ಲ ಜಾಲಾಡಿದೆ. ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರ್ ನಾನೇ ಓಡಿಸಿದೆ, ಒಮ್ಮೆಯೂ ಕೈಕೊಡಲಿಲ್ಲ.

ಬ್ರೇಕಿಗೆ ಕಾಲು ಸೋಕಿದರೆ ಸಾಕು, ಕ್ರೂಸ್ ಆಫ್ ಆಗುತ್ತದೆ. ನೀವು ಓಡಿಸುವಾಗ ಹನ್ನೊಂದು ಸಲ ಆಫ್ ಆಗಿದೆ. ಹನ್ನೊಂದು ಸಲವೂ ಯಾರೋ ಬ್ರೇಕನ್ನು ಮೆಲ್ಲಗೆ ಒತ್ತಿದ್ದಾರೆ ಎಂದು ಕಾರಿನ ಕಂಪ್ಯೂಟರ್ ಹೇಳುತ್ತಿದೆ. "ನಾನು ಬ್ರೇಕ್ ಮುಟ್ಟೇ ಇಲ್ಲ ಕಣೇ, ನನಗೇ ಡ್ರೈವಿಂಗ್ ಹೇಳ್ಕೊಡ್ತೀಯಾ?" ಎಂದು ರೇಗಬೇಡಿ. ಮೂವತ್ತು ವರ್ಷ ಲಾರಿಯ ಕ್ಲಚ್ ಮೇಲಿದ್ದ ಎಡಗಾಲು, ಕ್ಲಚ್ಚೇ ಇಲ್ಲದ ಈ ಕಾರಿನಲ್ಲಿ ಹೋಗಿ ಬ್ರೇಕ್ ಮೇಲೆ ಕೂರುತ್ತಿದೆ.

ಬರೀ ಅಭ್ಯಾಸವಾಗಿದ್ದರೆ ಬಿಡಿಸಬಹುದಿತ್ತು. ಕಾಲು ಅಲ್ಲಿರುವುದೇ ನಿಮಗೆ ತಿಳಿಯುತ್ತಿಲ್ಲ. ನಿಮ್ಮಂಥ ಸಕ್ಕರೆ ಕಾಯಿಲೆಯವರಿಗೆ ಪಾದ ಹೀಗೆ ಮರಗಟ್ಟುವುದುಂಟಂತೆ. ಸೋಮವಾರ ಹತ್ತಕ್ಕೆ ಡಾಕ್ಟರ ಬಳಿ ನಿಮ್ಮ ಹೆಸರು ಬರೆಸಿದ್ದೇನೆ, ನಾನೇ ಕರೆದೊಯ್ಯುತ್ತೇನೆ. ಅಲ್ಲಿಯವರೆಗೆ ಕೀ ನನ್ನ ಹತ್ತಿರವೇ ಇರುತ್ತದೆ.

ಇದನ್ನೂ ನೀವು ಒಪ್ಪುವುದಿಲ್ಲ, ಗೊತ್ತು. ನಿನ್ನೆ ನನ್ನ ಗ್ಯಾರೇಜಿನಲ್ಲಿ ಕಾರು ಬಿಟ್ಟು ಮನೆಗೆ ನಡೆದೇ ಹೋದಿರಲ್ಲ, ನಿಮ್ಮ ಎಡಗಾಲಿನ ಚಪ್ಪಲಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿತು. ಒರೆಸಿ ಇಟ್ಟಿದ್ದೇನೆ.

ನಿಮ್ಮಿಂದಲೇ ಸ್ಪ್ಯಾನರ್ ಹಿಡಿಯಲು ಕಲಿತ
ಮಗಳು