ರಿಜಿಸ್ಟರಿನಲ್ಲಿ ಇಲ್ಲದ ಅಸ್ತಮಾ

ಜನವರಿ 8
ಇವತ್ತು ಆಸ್ಪತ್ರೆಯ ಓಪಿಡಿಯಲ್ಲಿ ಅರವತ್ತೆರಡು ರೋಗಿಗಳು. ಕೆಮ್ಮು, ದಮ್ಮು, ಮತ್ತೆ ಕೆಮ್ಮು. ಸಂಡೂರಿನ ಕೆಂಪು ಧೂಳು ನನ್ನ ನರ್ಸ್ ಯೂನಿಫಾರ್ಮನ್ನೂ ಬಿಡುವುದಿಲ್ಲ. ಮಧ್ಯಾಹ್ನ ತಮ್ಮ ಪ್ರವೀಣ ಬಂದ. ಅದಿರಿನ ಯಾರ್ಡಿನಲ್ಲಿ ಲೋಡಿಂಗ್ ಕೆಲಸ. ಎದೆಯಲ್ಲಿ ಸಿಳ್ಳೆ. ಡಾಕ್ಟರು ಇನ್‌ಹೇಲರ್ ಕೊಟ್ಟು ಅಸ್ತಮಾ ಅಂದರು. ರಿಜಿಸ್ಟರ್ ತುಂಬುವವಳು ನಾನು.
"ಅಕ್ಕಾ, ಕೆಮ್ಮು ಅಂತ ಬರಿ. ಕಂಟ್ರಾಕ್ಟರ್ ಬಂದು ರಿಜಿಸ್ಟರ್ ನೋಡ್ತಾನ. ಗೇಟ್ ಪಾಸ್ ಕಿತ್ಕೊಂತಾನ."
ಬರೆದೆ. ತಮ್ಮನಲ್ಲವೇ.

ಜನವರಿ 30
ಪ್ರವೀಣನ ಬಾಯಿ! ಯಾರ್ಡಿನವರೆಲ್ಲ ನನ್ನ ಟೇಬಲ್ಲಿಗೆ. ಅವನ ಜೊತೆಯವ ಹುಲುಗಪ್ಪ ಕೈ ಮುಗಿದ — "ನಂದೂ ಕೆಮ್ಮು ಅಂತ ಬರೀರಿ ಸಿಸ್ಟರ್." ಮಗಳನ್ನು ಕರೆತಂದ ಉಚ್ಚಂಗೆಮ್ಮನದು ಬೇರೆ ಗೋಳು: "ಮಗಳಿಗೆ ದಮ್ಮು ಐತಿ ಅಂದ್ರ ಯಾರು ಮಾಡ್ಕೊಂತಾರವ್ವಾ?"
ಎಲ್ಲರಿಗೂ ಕೆಮ್ಮು. ಪುಣ್ಯ ಕಟ್ಟಿಕೊಂಡೆ ಅಂದುಕೊಂಡೆ.

ಏಪ್ರಿಲ್ 11
ಹೊಸಪೇಟೆಯಲ್ಲಿ ಆರೋಗ್ಯ ಇಲಾಖೆಯ ಮೀಟಿಂಗ್. ಗ್ರಾಫಿನಲ್ಲಿ ನಮ್ಮ ಅಸ್ತಮಾ ಗೆರೆ ನೆಲ ಕಚ್ಚಿತ್ತು. ಚಪ್ಪಾಳೆ. ನನಗೆ ಶಾಲು. ಪಕ್ಕದ ಗೆರೆ — ಉಸಿರು ಕಟ್ಟಿ ದೊಡ್ಡಾಸ್ಪತ್ರೆಗೆ ಹೋದವರದು — ಮೇಲೇರಿತ್ತು. ಯಾರೂ ಕೇಳಲಿಲ್ಲ. ನಾನು ಶಾಲು ಹೊದ್ದು ಕೂತೆ. ನಾಚಿಕೆಗೇಡು.

ಜೂನ್ 3
ಔಷಧದ ಪೆಟ್ಟಿಗೆ ಬಂತು. ಇನ್‌ಹೇಲರ್ ಐದು. ಐದೇ! ಹಿಂದೆಲ್ಲ ಅರವತ್ತು. ಸ್ಟೋರಿನ ಕಿರಣ್ ಕುಮಾರ್ ಫೋನಿನಲ್ಲಿ ನಕ್ಕ.
"ನಿಮ್ ಕಡೆ ಅಸ್ತಮಾನ ಇಲ್ಲಲ್ರೀ ಮೇಡಂ. ನೀವ ಬರ್ದೀರಿ."
ಕೆಮ್ಮಿನ ಸಿರಪ್ ಮಾತ್ರ ಮುನ್ನೂರು ಬಾಟಲಿ. ಹಳೆಯದು ಮುಗಿದಾಗ ಪ್ರವೀಣನಿಗೆ ಕೊಡಲೆಂದು ಒಂದು ಇನ್‌ಹೇಲರನ್ನು ಬ್ಯಾಗಿಗೆ ಹಾಕಿಕೊಂಡೆ.

ಜೂನ್ 17, ಸಂಜೆ 5
ಬೆಳಿಗ್ಗೆ ಹುಲುಗಪ್ಪ ಬಂದ. ಮಾತೇ ಹೊರಡುತ್ತಿಲ್ಲ. ಡಾಕ್ಟರು ರಜೆ. ಕಪಾಟು ಖಾಲಿ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಬ್ಯಾಗ್ ನನ್ನ ಕಾಲ ಬಳಿಯೇ ಇತ್ತು. ತೆಗೆಯಲಿಲ್ಲ. ಆಂಬುಲೆನ್ಸ್ ಈಗ ಬಂದೇ ಬಿಡುತ್ತದೆ ಅಂದುಕೊಂಡೆ... ನಲವತ್ತು ನಿಮಿಷ.
ದಾರಿಯಲ್ಲೇ ಹೋದನಂತೆ.

ಜೂನ್ 26
ಹುಲುಗಪ್ಪನ ಹೆಂಡತಿ ಚೆನ್ನಬಸಮ್ಮ ಬಂದಿದ್ದಳು. ಪರಿಹಾರ ಕೇಳಿದ್ದಕ್ಕೆ ಕಂಟ್ರಾಕ್ಟರ್ ನಮ್ಮ ರಿಜಿಸ್ಟರಿನ ಜೆರಾಕ್ಸ್ ತೋರಿಸಿದನಂತೆ. ಹುಲುಗಪ್ಪ ಐದು ಸಲ ಬಂದಿದ್ದಾನೆ, ಐದು ಸಲವೂ ಕೆಮ್ಮು. ನನ್ನದೇ ಅಕ್ಷರ.
"ಕೆಮ್ಮಿಗೆ ಯಾರರ ಸಾಯ್ತಾರೇನ್ರಿ ಸಿಸ್ಟರ್? ಈಗರ ಖರೇ ಬರ್ದು ಕೊಡ್ರಿ."
ಬರೆದರೆ ನನ್ನ ಕೆಲಸ ಹೋಗುತ್ತದೆ. ಪ್ರವೀಣನ ಗೇಟ್ ಪಾಸೂ. ನಾಳೆ ಬಾ ಅಂದೆ. ಥೂ ನನ್ನ.

ಜೂನ್ 27, ಬೆಳಿಗ್ಗೆ 8
ನಾನು ಬೀಗ ತೆಗೆಯುವ ಮೊದಲೇ ಚೆನ್ನಬಸಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಬ್ಯಾಗಿನಲ್ಲಿ ಆ ಇನ್‌ಹೇಲರ್ ಇನ್ನೂ ಇದೆ, ಸೀಲ್ ಒಡೆದಿಲ್ಲ. ರಿಜಿಸ್ಟರ್ ತೆರೆದಿದ್ದೇನೆ. ಜನವರಿ ಎಂಟು. ಸುಳ್ಳು ಬರೆದ ಮೊದಲ ಹೆಸರು ಪ್ರವೀಣ. ಅಲ್ಲಿಂದಲೇ ಶುರು ಮಾಡಬೇಕು. ಕೆಮ್ಮು ಎಂಬುದನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ಬರೆದೆ: ಅಸ್ತಮಾ.