ನಾನೇ ಕೇಳಿದ ಸಾಲ

೧೪ನೇ ತಾರೀಖು, ಭಾನುವಾರ

ಚಿನ್ನು ಮರಿಗೆ ಅಮ್ಮನ ಮುತ್ತುಗಳು.

ನಾನು ಕ್ಷೇಮ ಎಂದು ಬರೆಯಹೊರಟರೆ ಪೆನ್ನು ನಿಂತಿತು. ಬದುಕಿದ್ದೇನೆ, ಊಟ ಮಾಡುತ್ತಿದ್ದೇನೆ. ಎರಡು ಹಲ್ಲು ಹೋಗಿವೆ, ಎಡಗಡೆಯ ಪಕ್ಕೆಲುಬು ಬಿರುಕು ಬಿಟ್ಟಿದೆ. ಫೋನಿನಲ್ಲಿ ಹೇಳಿದರೆ ಪರೀಕ್ಷೆ ಬಿಟ್ಟು ಓಡಿ ಬರುತ್ತೀಯ ಎಂದು ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಅಳು.

ಹಳೆಯ ಸಾಲಗಳನ್ನು ಕಂತಿನಲ್ಲಿ ತೀರಿಸಲು ನ್ಯಾಯಾಲಯದಲ್ಲಿ ಮಾಡಿಕೊಂಡ ಒಪ್ಪಂದ ಮುಗಿದು ಹನ್ನೊಂದು ತಿಂಗಳಾಯಿತಲ್ಲ. ಐದು ವರ್ಷ ನ್ಯಾಯಾಲಯ ಹೇಳಿದಷ್ಟು ಕಟ್ಟಿದರೆ ಎಲ್ಲ ತೊಳೆದುಹೋಗುತ್ತದೆ ಎಂದುಕೊಂಡಿದ್ದೆ. ಬ್ಯಾಂಕಿನ ಮೇಡಂ ನನ್ನ ಕಡತ ತೆರೆದು, "ಸಾಲ ತೀರ್ತಮ್ಮ, ಹೆಸರು ಕೆಟ್ಟಿದ್ದು ಹಾಗೇ ಇದೆ" ಎಂದರು. ತೀರಿಸಿದ ಎರಡು ಸಾಲಗಳು ಅದರಲ್ಲಿ ಇನ್ನೂ ಬಾಕಿ ಎಂದೇ ಇದ್ದವು. ಸಾಲ ತೀರಿದ್ದಕ್ಕೆ ಕೊಟ್ಟ ಮುಕ್ತಾಯ ಪತ್ರ ಹಿಡಿದು ನಾಲ್ಕು ಸಲ ಅಲೆದು ತಿದ್ದಿಸಿದೆ. ಠೇವಣಿ ಇಟ್ಟು ಚಿಕ್ಕದೊಂದು ಕ್ರೆಡಿಟ್ ಕಾರ್ಡು ತೆಗೆದುಕೊಂಡೆ. ಅದರಲ್ಲಿ ಅಂಗಡಿಯ ಸೋಫಾ ಕೆಲಸಕ್ಕೆ ಬೇಕಾದ ದಾರ, ಮೊಳೆ ಮಾತ್ರ ಕೊಂಡು ಗಡುವಿಗೆ ಮೊದಲೇ ಕಟ್ಟುತ್ತ ಬಂದೆ. ಕ್ರೆಡಿಟ್ ಸ್ಕೋರ್ ಬಸವನಹುಳುವಿನ ಹಾಗೆ ಹತ್ತಿತು. ಹೋದ ತಿಂಗಳು ಮೇಡಂ, "ಈಗ ಸಣ್ಣ ಸಾಲ ಕೇಳಬಹುದು" ಎಂದಾಗ, ಸೋಫಾ ಹೊಲಿಯಲು ಹೊಸ ಯಂತ್ರ ತರೋಣ ಎಂದು ಆಸೆಪಟ್ಟೆ.

ಮಂಗಳವಾರ ಮಧ್ಯಾಹ್ನ ನಿಮ್ಮಪ್ಪ ಅಂಗಡಿಗೆ ಬಂದ. ಬಿಟ್ಟುಹೋದ ಆರು ವರ್ಷದ ಮೇಲೆ. ಕೈಯಲ್ಲಿ ನನ್ನ ಹೆಸರಿನಲ್ಲಿ ತುಂಬಿದ ಲಾರಿ ಸಾಲದ ಅರ್ಜಿ. "ಒಂದೇ ಒಂದು ಸೈನು. ನಿನ್ನ ಹೆಸರು ಈಗ ಚೊಕ್ಕ ಆಗಿದೆಯಂತಲ್ಲ" ಎಂದ. "ನೀನು ತಿಂದಿದ್ದಕ್ಕೆ ಐದು ವರ್ಷ ನಾನು ಕೈ ತೊಳೆದೆ, ಸಾಕು" ಎಂದೆ. ಅವನು ತಿರುಗಿ ಶಟರ್ ಎಳೆದ.

ಮೊದಲ ಏಟು ಬಾಯಿಗೆ. ಬಿದ್ದವಳ ಪಕ್ಕೆಗೆ ಒದ್ದ. ನನ್ನದೇ ಸುತ್ತಿಗೆಯಿಂದ ಹೊಲಿಗೆ ಯಂತ್ರವನ್ನು ಚಕ್ರ ಕಳಚಿ ಉರುಳುವ ತನಕ ಜಜ್ಜಿದ. ಆಮೇಲೆ ಕೂದಲು ಹಿಡಿದೆಬ್ಬಿಸಿ, ಕೆನ್ನೆಯನ್ನು ಮೇಜಿಗೆ ಒತ್ತಿ, ಬೆರಳ ಸಂದಿಗೆ ಪೆನ್ನು ತುರುಕಿದ. "ಹಾಕು. ಇಲ್ಲಾಂದ್ರೆ ಮುಂದಿನ ಏಟು ಈ ಬೆರಳಿಗೆ." ಬೆರಳು ಹೋದರೆ ನಾನೇನು ಹೊಲಿಯಲಿ ಚಿನ್ನು? ಎಡಗೈಗೆ ದಬ್ಬಳ ಸಿಕ್ಕಿತು. ಕಾಗದ ಜಾರದಂತೆ ಹಿಡಿದಿದ್ದ ಅವನ ಕೈಗೆ ಬಲವೆಲ್ಲ ಹಾಕಿ ಇಳಿಸಿದೆ. ಕೈಯನ್ನೂ ಅರ್ಜಿಯನ್ನೂ ಸೇರಿಸಿ ಹೊಲಿದ ಹಾಗಾಯಿತು.

ಅವನು ಅರಚಿದ್ದು ಕೇಳಿ ಪಕ್ಕದ ಕನ್ನಡಕದಂಗಡಿಯ ಅಕ್ಕ ಶಟರ್ ಎತ್ತಿದರು. ಏನು, ಯಾಕೆ ಎಂದು ಕೇಳದೆ, ಶಟರ್ ಎಳೆಯುವ ಕಬ್ಬಿಣದ ಕೋಲಿನಿಂದ ಅವನ ಮಂಡಿಗೆ ಬೀಸಿದರು. ಪೊಲೀಸರು ಬಂದು ಅವನನ್ನು ಎತ್ತಿಕೊಂಡು ಹೋದರು.

ಠಾಣೆಯಲ್ಲಿ, "ಇದು ಮೊದಲ ಸಲಾನಾ?" ಎಂದು ಕೇಳಿದರು. ಅಲ್ಲ ಎಂದೆ. ನೀನು ಏಳನೇ ಕ್ಲಾಸಿನಲ್ಲಿದ್ದಾಗ ನನ್ನ ಕೈ ಮುರಿದದ್ದು ಮೆಟ್ಟಿಲಿನಿಂದ ಬಿದ್ದಲ್ಲ ಮಗಳೇ. ಆವತ್ತೂ ಸೈನಿಗಾಗಿಯೇ. ಆವತ್ತು ಹಾಕಿಬಿಟ್ಟೆ, ಆ ಸಾಲಗಳೆಲ್ಲ ಹುಟ್ಟಿದ್ದು ಹಾಗೆ. ಅಮ್ಮನೇ ದುಡ್ಡು ಹಾಳು ಮಾಡಿದಳು ಎಂದು ನೀನು ಜಗಳವಾಡಿದಾಗಲೂ ಸುಮ್ಮನಿದ್ದೆ. ನಿನಗೆ ಅಪ್ಪನಾದರೂ ಒಳ್ಳೆಯವನಾಗಿ ಉಳಿಯಲಿ ಎಂದು.

ಮಾರನೆಯ ದಿನ ಊದಿದ ಮುಖದಲ್ಲೇ ಬ್ಯಾಂಕಿಗೆ ಹೋದೆ. ಅವನು ಇನ್ನೆರಡು ಕಡೆ ನನ್ನ ಹೆಸರಿನಲ್ಲಿ ಫೋನಿನಿಂದಲೇ ಅರ್ಜಿ ಹಾಕಿದ್ದನಂತೆ. ಮೇಡಂ ದೂರಿನ ಪ್ರತಿ ಇಟ್ಟುಕೊಂಡು ಎರಡನ್ನೂ ತಡೆಹಿಡಿಸಿದರು. ಸ್ಕೋರ್ ಸ್ವಲ್ಪ ಇಳಿದಿದೆ. ತಿದ್ದಿಸಲು ಮತ್ತೆ ಅಲೆಯಬೇಕು. "ಇವತ್ತು ಮನೆಗೆ ಹೋಗಿ ಮಲಗಮ್ಮ" ಎಂದರು. ನಾನು ಏಳಲಿಲ್ಲ. ಹಲ್ಲು ಹೋದ ಬಾಯಲ್ಲೇ ಯಂತ್ರಕ್ಕೆ ಸಾಲ ಕೇಳಿದೆ. ಜನ್ಮದಲ್ಲಿ ನಾನಾಗಿ ಕೇಳಿದ ಸಾಲ ಅದೊಂದೇ. ಶುಕ್ರವಾರ ಮಂಜೂರಾಯಿತು. ಕೇಳಿದ್ದಕ್ಕಿಂತ ಕಡಿಮೆ, ಬಡ್ಡಿಯೂ ಜಾಸ್ತಿ. ಸೈನು ಹಾಕುವ ಮೊದಲು ಪ್ರತಿ ಪುಟವನ್ನೂ ಎರಡೆರಡು ಸಲ ಓದಿದೆ, ಮೇಡಂ ಕಿಟಕಿಯ ಕಡೆ ನೋಡುತ್ತ ಕಾದರು.

ಅವನು ಈಗ ಒಳಗಿದ್ದಾನೆ. ಜಾಮೀನು ಸಿಕ್ಕರೂ ಸಿಗಬಹುದು. ನಾನು ಮನೆ ಬದಲಿಸಿದ್ದೇನೆ, ವಿಳಾಸ ಲಕೋಟೆಯ ಹಿಂದಿದೆ. ಪರೀಕ್ಷೆ ಮುಗಿಸಿಕೊಂಡೇ ಬಾ.

ನಿನ್ನ
ಅಮ್ಮ

ಇನ್ನೊಂದು ಮಾತು: ನನಗೀಗ ಸಾಲ ಸಿಗುತ್ತದೆ ಎಂದು ನಾನು ಹೇಳಿದ್ದು ನಿನಗೊಬ್ಬಳಿಗೇ. ಅಪ್ಪ ಫೋನ್ ಮಾಡಿದಾಗ ಖುಷಿಗೆ ಅವನ ಹತ್ತಿರ ಹೇಳಿಕೊಂಡಿರುತ್ತೀಯ. ಮೆಟ್ಟಿಲಿನ ಸುಳ್ಳು ನಾನು ಹೇಳಿರದಿದ್ದರೆ ನೀನೂ ಅವನಿಗೆ ಇದನ್ನು ಹೇಳುತ್ತಿರಲಿಲ್ಲ. ಅವನಿಗೆ ಹೇಗೆ ಗೊತ್ತಾಯಿತು ಎಂದು ಪೊಲೀಸರು ಕೇಳಿದರು, ನಿನ್ನ ಹೆಸರು ಎತ್ತಲಿಲ್ಲ. ವಿಳಾಸ ಬಾಯಿಪಾಠ ಮಾಡಿಕೊಂಡು ಲಕೋಟೆ ಹರಿದುಹಾಕು.