ಕರಿ ನಾರಿನ ಮೂಟೆಗಳು

ರಬಕವಿ
೧೮ ನವೆಂಬರ್ ೨೦೨೫

ನನ್ನ ಪ್ರೀತಿಯ ಅಮಿತ,

ಹೆಸರು ಹಿಡಿದು ಬರೆದೇ ಬಿಟ್ಟೆ, ಇಲ್ಲಿ ಯಾರೂ ನೋಡುತ್ತಿಲ್ಲ. ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಪುಣೆಯ ಚಳಿಗೆ ಸ್ವೆಟರ್ ಹಾಕಿಕೊಳ್ಳುತ್ತಿದ್ದೀರಾ? ನಿಮ್ಮ ದಿಂಬನ್ನು ನಾನೇ ಇಟ್ಟುಕೊಂಡಿದ್ದೇನೆ, ಇನ್ನು ಕೊಡುವುದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದಿ. ನೀವು ಫೋನ್ ಮಾಡಿದಾಗೆಲ್ಲ ಅತ್ತೆ ಪಕ್ಕದಲ್ಲೇ ಕುಳಿತಿರುತ್ತಾರೆ. "ಊಟ ಆತೇನ್ರಿ?" ಎನ್ನುವುದರಾಚೆ ನನ್ನ ಬಾಯಿಂದ ಏನೂ ಹೊರಡುವುದಿಲ್ಲ. ಮೆಸೇಜ್ ಹಾಕಿದರೆ ನೀವು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀರಿ. ಅದಕ್ಕೇ ಈ ಕಾಗದ. ಸೀರೆಯ ಗಂಟುಗಳನ್ನು ಪುಣೆಗೆ ಒಯ್ಯುವ ಜ್ಞಾನೇಶ್ವರನ ಕೈಗೆ ಕೊಡುತ್ತೇನೆ.

ಇಲ್ಲಿ ಎಲ್ಲವೂ ಕೆಟ್ಟಿದೆ, ಅಮಿತ. ಬ್ಯಾಟರಿಯ ಬಟ್ಟೆಗೆ ನಿಮಗೆ ಅವಸರವಿದೆಯೆಂದು ಮಾವ, ನೀವು ಕಾರ್ಖಾನೆಯ ಕಸದಿಂದ ತಂದಿಟ್ಟ ಮೂಟೆಗಳ ಕರಿ ಕಾರ್ಬನ್ ನಾರನ್ನು ಪವರ್‌ಲೂಮಿಗೆ ಹಾಕಿದರು, ಪ್ರೀತಿಯಿಂದಲೇ. ಕೈಮಗ್ಗದಲ್ಲಿ ತೆಪ್ಪಗಿರುತ್ತಿದ್ದ ನಾರು ಅಲ್ಲಿ ಲಾಳಿಯ ಹೊಡೆತಕ್ಕೆ ಪುಡಿಯಾಗಿ ಹಾರತೊಡಗಿತು. ಹತ್ತಿಯ ಧೂಳಾಗಿದ್ದರೆ ನಾಲ್ಕು ಸೀನು ಬಂದು ಮುಗಿಯುತ್ತಿತ್ತು. ಇದು ಕರೆಂಟು ಹರಿಸುವ ನಾರು. ನಿಮ್ಮ ರೀಚಾರ್ಜ್ ಬ್ಯಾಟರಿಯೊಳಗೆ ತಾಮ್ರದ ಹಾಳೆಯ ಬದಲು ಕೂರುವಂಥದ್ದು ಇಲ್ಲಿ ಸ್ವಿಚ್ ಬೋರ್ಡಿನೊಳಗೆ ಕುಳಿತು, ಠಪ್ಪೆಂದು ಎಲ್ಲವನ್ನೂ ಸುಟ್ಟಿತು. ಗೋಡೆಯಾಚೆಯ ಹಣಮವ್ವನ ಮಗ್ಗದ ಮೋಟರೂ ಹೋಯಿತು. "ನಿನ್ನ ಗಂಡ ಬ್ಯಾಟರಿ ಮಾಡ್ತಾನಂತ ನಮ್ಮ ಮಗ್ಗ ಯಾಕ ನಿಂದರಬೇಕವಾ?" ಎಂದು ಆಕೆ ಬಾಗಿಲಲ್ಲಿ ನಿಂತು ಕೇಳಿದಳು. ಮಾವ ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ.

ನಾಳೆ ಮೂಟೆಗಳೆಲ್ಲ ಕಸದ ಗಾಡಿಗೆ ಹೋಗಬೇಕೆಂದು ಓಣಿಯವರು ಹೇಳಿಬಿಟ್ಟಿದ್ದಾರೆ. ಕಾರ್ಖಾನೆಯವರು ಕತ್ತರಿಸಿ ಎಸೆದದ್ದು ತಾನೇ, ಮತ್ತೆ ಸಿಗುತ್ತದೆ ಎನ್ನುವುದು ಅತ್ತೆಯ ಮಾತು. ಸಿಗುವುದಿಲ್ಲ ಎಂದು ನನಗೆ ಗೊತ್ತು. ಒಂದೊಂದು ಸಲದ ಕಸವೂ ಬೇರೆ ಥರ, ಪುಣೆಯಲ್ಲಿ ಪರೀಕ್ಷೆಗಿಟ್ಟ ಬ್ಯಾಟರಿಗಳಲ್ಲಿರುವುದು ಈ ಮೂಟೆಗಳದೇ ಬಟ್ಟೆ, ಇದೇ ಬಟ್ಟೆ ಇನ್ನಷ್ಟು ಕೊಡದಿದ್ದರೆ ನಿಮ್ಮ ಇಷ್ಟು ವರ್ಷದ ಕೆಲಸ ಅಲ್ಲಿಗೇ ಮುಗಿಯಿತು ಎಂದು ನೀವೇ ಹೇಳಿದ್ದಿರಿ. "ಸ್ನೇಹಾ, ಮೂಟಿ ಕಾಯಿ, ಬ್ಯಾರೆ ಏನೂ ಕೇಳಂಗಿಲ್ಲ" ಎಂದು ಬಸ್ಸಿನ ಕಿಟಕಿಯಿಂದ ಕೂಗಿದಿರಿ. ಅದೂ ಎಲ್ಲರೆದುರಿಗೆ, ನಾನು ನಾಚಿ ಸತ್ತೆ. ಆದರೆ ಕಾಯುವುದು ಹೇಗೆ? ಅಳುತ್ತ ಅತ್ತೆಯ ಕಾಲು ಹಿಡಿದೆ. ಹಿಪ್ಪರಗಿಯಲ್ಲಿ ನಮ್ಮ ಕಬ್ಬಿನ ಹೊಲದ ಗುಡಿಸಲಿಗೆ ಕರೆಂಟೇ ಇಲ್ಲ, ಹಾಳಾಗಲು ಅಲ್ಲಿ ಯಾರ ಮೋಟರೂ ಇಲ್ಲ, ಕೈಮಗ್ಗವನ್ನೂ ಮೂಟೆಗಳನ್ನೂ ಅಲ್ಲಿಗೆ ಒಯ್ದು ನಾನು ಕಾಯುತ್ತೇನೆ ಎಂದೆ. "ಕೈಯಾಗಿನ ಅರಿಶಿಣ ಆರಿಲ್ಲ, ಹೊಲದಾಗ ಹೋಗಿ ಕುಂದರತಾಳಂತ. ಹ್ವಾದ್ರ ಈ ಹೊಸ್ತಿಲಾ ಮತ್ತ ತುಳೀಬ್ಯಾಡ" ಎಂದರು. ಅವರು ಕೆಟ್ಟವರಲ್ಲ, ಅಮಿತ. ದಿನಾ ಓಣಿಯವರ ಮುಖ ನೋಡಿ ಬದುಕಬೇಕಾದವರು ಅವರು.

ನಿಮಗೆ ಬರೆಯುತ್ತಿರುವುದು ಮಾವನಿಗೆ ಗೊತ್ತು, ಆಶೀರ್ವಾದ ಹೇಳಿದ್ದಾರೆ. ಉಳಿದ ಪ್ರೀತಿಯೆಲ್ಲ ನನ್ನದೇ.

ನಿಮ್ಮವಳು,
ಸ್ನೇಹಾ

ತಾ.ಕ.: ಟ್ರ್ಯಾಕ್ಟರ್ ಬಂದಿದೆ, ಹೊಲಕ್ಕೆ ಹೊರಟೇ ಬಿಟ್ಟೆ. ಮಾವ ತಾವೇ ಕೈಮಗ್ಗ ಬಿಚ್ಚಿ ಏರಿಸುತ್ತಿದ್ದಾರೆ, ಅತ್ತೆ ಒಳಗಿನಿಂದ ಹೊರಗೆ ಬಂದಿಲ್ಲ. ಮೂಟೆಗಳ ಮೇಲೆ ಕುಳಿತು ಇಷ್ಟನ್ನು ಗೀಚುತ್ತಿದ್ದೇನೆ. ನನಗೆ ನೇಯಲು ಬರುವುದಿಲ್ಲ, ಒಬ್ಬಳೇ ಮಲಗಿಯೂ ಗೊತ್ತಿಲ್ಲ. ಪರೀಕ್ಷೆ ಮುಗಿದ ದಿನ ಮನೆಗೆ ಹೋಗಬೇಡಿ, ನೇರ ಹಿಪ್ಪರಗಿಗೆ ಬನ್ನಿ. ನಿಮ್ಮ ಅಂಗಿ ಪ್ಯಾಂಟುಗಳನ್ನೂ ಕಟ್ಟಿಕೊಂಡಿದ್ದೇನೆ.